ಇವತ್ತು ಯಾವ ಗುಡಿಗೆ ಹೋಗಿದ್ರಿ?

ಬೇರೆ ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆಗೆ ಹೋದರೆ, "ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ?" ಎಂದು ಕೇಳುತ್ತಾರೆ. ನಮ್ಮ ಡಾಕ್ಟರ್ ಮೇಡಂ ಹಾಗೆ ಕೇಳುತ್ತಿರಲಿಲ್ಲ. ಮಗುವಿನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು, ಕನ್ನಡಕದ ಮೇಲಿನಿಂದ ಅಮ್ಮನನ್ನೋ ಅಜ್ಜಿಯನ್ನೋ ನೋಡುತ್ತಾ, "ಇವತ್ತು ಯಾವ ಗುಡಿಗೆ ಹೋಗಿದ್ರಿ?" ಎನ್ನುತ್ತಿದ್ದರು. ತಮಿಳಿನವರಿಗೆ ತಮಿಳಿನಲ್ಲಿ, ನಮ್ಮಂಥವರಿಗೆ ತಮ್ಮ ಹುಬ್ಬಳ್ಳಿ ಕಡೆಯ ಕನ್ನಡದಲ್ಲಿ. ಹೊಸದಾಗಿ ಬಂದವರು ಈಯಮ್ಮ ಬಹಳ ದೈವಭಕ್ತೆ ಎಂದುಕೊಳ್ಳುತ್ತಿದ್ದರು. ಅವರು ಗುಡಿಯ ಮೆಟ್ಟಿಲು ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಆ ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯಿಂದ, ಅದೂ ನಮ್ಮ ಅತ್ತೆಯ ಅಂಗೈಯಿಂದ.

ಹೋದ ತಿಂಗಳು ಮೇಡಂ ನಿವೃತ್ತರಾದರು. ಕೊಯಮತ್ತೂರಿನ ಆ ಆಸ್ಪತ್ರೆಯಲ್ಲಿ ಒಂದು ಸಣ್ಣ ಸಭೆ ಇಟ್ಟಿದ್ದರು. ನನ್ನನ್ನೂ ಎರಡು ಮಾತಾಡಿ ಎಂದು ಕರೆದರು. ಎದ್ದು ನಿಂತೆ, ಕೈ ಮುಗಿದು ಕೂತುಬಿಟ್ಟೆ. ಅಲ್ಲಿ ಬಾರದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅವರಿಗೆ ಹೊಗಳಿಕೆ ಕಂಡರೆ ಆಗದು.

ನಾನು ಹುಟ್ಟಿದ್ದು ತಾಳವಾಡಿ ಕಡೆ, ಓದಿದ್ದು ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಬಂದದ್ದು ಕೊಯಮತ್ತೂರಿನ ಪಕ್ಕದ ಸೂಲೂರಿಗೆ. ನಮ್ಮ ಮನೆಯವರು ನೂಲಿನ ಮಿಲ್ಲಿನಲ್ಲಿ ಫಿಟ್ಟರ್. ಅವರ ಹಿರಿಯರು ಈ ಸೀಮೆಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ತಿಳಿಯದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಯಾರಿಗೂ ಬಾರದು. ಹಾಗಾಗಿ ಅತ್ತೆಯ ವಿಷಯವನ್ನೂ ಧೈರ್ಯವಾಗಿ ಬರೆಯಬಹುದು.

ನನಗೆ ಇಬ್ಬರು ಮಕ್ಕಳು. ದೊಡ್ಡವನು ಕಾರ್ತಿಕ, ಚಿಕ್ಕವಳು ರಂಗನಾಯಕಿ. ಕಾರಮಡೈ ರಂಗನಾಥ ನಮ್ಮ ಮನೆದೇವರು, ಅದಕ್ಕೇ ಆ ಹೆಸರು. ಕರೆಯುವುದು ರಂಗಿ. ಕಾರ್ತಿಕ ಮೂರನೇ ಕ್ಲಾಸಿನಲ್ಲಿದ್ದಾಗ ಸೊರಗತೊಡಗಿದ. ಚೊಂಬುಗಟ್ಟಲೆ ನೀರು ಕುಡಿಯುವನು, ಹಾಸಿಗೆ ಒದ್ದೆ ಮಾಡುವನು. ಅತ್ತೆ ದೃಷ್ಟಿ ತೆಗೆದರು. ಬೀದಿಯ ಡಾಕ್ಟರು ಹೊಟ್ಟೆಗೆ ಔಷಧಿ ಕೊಟ್ಟರು. ಒಂದು ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಉಸಿರು ಮಾತ್ರ ಓಡಿ ಬಂದವನ ಉಸಿರಿನ ಹಾಗೆ ದೊಡ್ಡದಾಗಿ ಎಳೆಯುತ್ತಿತ್ತು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಆಂಬುಲೆನ್ಸಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಸಿಂಗಾನಲ್ಲೂರು ದಾಟಿ ಆಸ್ಪತ್ರೆ ಮುಟ್ಟುವವರೆಗೂ ನಾನು ರಂಗನಾಥನ ಹೆಸರು ಬಿಡಲಿಲ್ಲ. ತುರ್ತು ಘಟಕದಲ್ಲಿ ಕಣ್ಣು ಬಿಟ್ಟ. ಸಕ್ಕರೆ ಕಾಯಿಲೆ, ಜೀವಮಾನವಿಡೀ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಅವನು ಕಣ್ಣು ಬಿಟ್ಟದ್ದೇ ನನಗೆ ಸಾಕಾಗಿತ್ತು.

ಮೇಡಂ ಸಿಕ್ಕಿದ್ದು ಆ ವಾರ್ಡಿನಲ್ಲಿ. ನಾನು ಕನ್ನಡದಲ್ಲಿ ದೇವರಿಗೆ ಹರಕೆ ಹೇಳಿಕೊಳ್ಳುತ್ತಿದ್ದೆ. ಬಿಳಿ ಕೋಟು ಹಾಕಿದ ಎತ್ತರದ ಹೆಂಗಸೊಬ್ಬರು ಮಂಚದ ಪಕ್ಕ ನಿಂತರು.

"ಯಾ ಊರವ್ವಾ ನಿಂದು?"

ಹೇಳಿದೆ.

"ಇಲ್ಲಿ ಕನ್ನಡ ಕೇಳಿದ್ರ ನನಗ ರೊಟ್ಟಿ ವಾಸನಿ ಬಂದಂಗ ಆಗ್ತದ" ಎಂದರು. ಆಮೇಲೆ ನನ್ನ ಸೆರಗು ಹಿಡಿದು ನಿಂತಿದ್ದ ರಂಗಿಯನ್ನು ನೋಡಿ, "ಇಕಿ ಯಾರು, ತಂಗಿನೇನು?" ಎಂದರು. ಅವರ ಕಣ್ಣು ಅವಳ ಮೇಲೆ ನಿಂತ ರೀತಿಗೇ ನಾನು ಅವಳನ್ನು ನನ್ನತ್ತ ಎಳೆದುಕೊಂಡೆ.

ಅವರು ನಡೆಸುತ್ತಿದ್ದದ್ದು ಸಂಶೋಧನೆ. ಈ ಕಾಯಿಲೆ ಬಂದ ಮಕ್ಕಳ ಅಣ್ಣತಮ್ಮಂದಿರ, ಅಕ್ಕತಂಗಿಯರ ರಕ್ತವನ್ನು ಆಗಾಗ ತೆಗೆದು ನೋಡುವುದು. ಸುಮ್ಮನೆ ಸಹಿ ಹಾಕು ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು.

"ನೋಡವ್ವಾ, ಈ ಜಡ್ಡಿನಾಗ ನಮ್ಮ ಮೈ ಕಾಯೋ ಕಾವಲುಗಾರರೇ ತಿರುಗಿ ಬೀಳ್ತಾರ. ಇನ್ಸುಲಿನ್ ಮಾಡೋ ಕಣಗಳನ್ನ ಕೊಲ್ತಾರ. ಸಕ್ಕರಿ ಏರೋದು ಕಡೀಕ. ಅದಕ್ಕಿಂತ ಎಷ್ಟೋ ಮೊದಲ ಒಳಗ ಜಗಳ ಶುರುವಾಗಿರ್ತದ. ಕಾವಲುಗಾರರ ಹೆಜ್ಜಿ ಗುರುತು ನೋಡೋ ಪರೀಕ್ಷಾ ಒಂದೈತಿ. ಅದು ನಂಬೂ ಅಂಥಾದ್ದು, ಬಂದಕೂಡಲೇ ನಿನಗ ಹೇಳ್ತೀನಿ. ಇನ್ನೊಂದು, ರಕ್ತದಾಗಿನ ಕೊಬ್ಬು. ಅದರಾಗ ಎಷ್ಟೋ ಬಗಿ ಅದಾವ. ಹೆಜ್ಜಿ ಗುರುತಿಗಿಂತ ಮೊದಲ ಆ ಕೊಬ್ಬು ಏನರ ಸುಳಿವು ಕೊಡ್ತದೇನೋ ಅಂತ ಹುಡಕಾಕತ್ತೀವಿ. ಅದು ಇನ್ನೂ ಗೊತ್ತಿಲ್ಲದ ವಿದ್ಯಾ. ಅದನ್ನ ಕೇಳಬ್ಯಾಡ, ಹೇಳಂಗಿಲ್ಲ."

ಮನೆಗೆ ಬಂದು ಹೇಳಿದರೆ ಅತ್ತೆಗೆ ಇದು ಸರಿಬರಲಿಲ್ಲ. "ಇಲ್ಲದ ಸೀಕು ಏನುಕ್ಕೆ ಹುಡುಕ್ತೀಯೆ? ಹಾವು ಮಲಗಿದ್ರೆ ಕೋಲು ಹಾಕಿ ಎಬ್ಬಿಸ್ತಾರಾ ಯಾರಾದ್ರೂ?"

"ಕಾರ್ತಿಕನಿಗೆ ಹಾವು ಕಚ್ಚಿದ ಮೇಲೆ ತಾನೇ ಅತ್ತೆ ನಮಗೆ ಗೊತ್ತಾಗಿದ್ದು?"

"ಕೂಸಿನ ಕೊಬ್ಬು ನೋಡ್ತಾಳಂತೆ. ಕೊಬ್ಬು ಇರೋದು ಅವಳಿಗೆ!" ಎಂದು ಅತ್ತೆ ಅಡುಗೆಮನೆಗೆ ಹೋದರು. ಅಂದಿನಿಂದ ಅವರ ಬಾಯಲ್ಲಿ ಮೇಡಂ 'ರಕ್ತದಮ್ಮ' ಆದರು.

ಮೇಡಂ ರಕ್ತ ತೆಗೆಯುವ ದಿನ ನೋಡಬೇಕು. ಕೊಬ್ಬಿನ ಪರೀಕ್ಷೆಗೆ ಮಕ್ಕಳು ಬರಿಹೊಟ್ಟೆಯಲ್ಲಿ ಬರಬೇಕಲ್ಲ, ಅವರೂ ಅಂದು ಏನೂ ತಿನ್ನರು. "ಸಣ್ಣ ಹುಡುಗರನ್ನ ಉಪಾಸ ಕೆಡವಿ ನಾ ಇಡ್ಲಿ ಹೊಡದು ಬರೋದು ಸರಿ ಅಲ್ಲ" ಎನ್ನುವರು. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡೇ ಮಗುವಿನ ತೋಳು ಮುಟ್ಟುವರು. ತಮ್ಮ ಹಳೆಯ ಕೈಗಡಿಯಾರ ಬಿಚ್ಚಿ ಮಗುವಿನ ಇನ್ನೊಂದು ಕೈಗೆ ಕೊಡುವರು. "ಇದರ ಮುಳ್ಳು ನಿಂತ್ರ ನನಗ ಹೇಳು, ನಿನ್ನ ಜವಾಬ್ದಾರಿ." ಮಗು ಮುಳ್ಳನ್ನು ನೋಡುತ್ತಿರುವಾಗಲೇ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಕೊನೆಯ ಮಗುವಿನ ರಕ್ತ ತೆಗೆದ ಮೇಲೆ ಕೋಟಿನ ಜೇಬಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಳ್ಳುವರು. ಆಗ ಯಾರಾದರೂ ಮಾತಾಡಿಸಿದರೆ ಸಿಟ್ಟು.

ಮರುವರ್ಷ, ಮುರುಗನ ತೈಪೂಸ ಹಬ್ಬ ಮುಗಿದ ಹೊಸತರಲ್ಲಿ, ರಂಗಿಯ ರಕ್ತ ಕೊಟ್ಟು ಬಂದಿದ್ದೆವು. ಸಂಜೆ ಫೋನು ಬಂತು. ಸಕ್ಕರೆ ಸ್ವಲ್ಪ ಏರಿದೆ, ನಾಳೆ ಬೆಳಿಗ್ಗೆ ಮತ್ತೆ ಬರಿಹೊಟ್ಟೆಯಲ್ಲಿ ಕರೆದುಕೊಂಡು ಬಾ. ಅಷ್ಟೇ. ನಾನು ಒಲೆ ಆರಿಸಿ ರಂಗಿಯ ಪಕ್ಕ ಹೋಗಿ ಕೂತೆ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆವು. ಅತ್ತೆ ಹಟ ಹಿಡಿದು ಜೊತೆಗೆ ಬಂದಿದ್ದರು. ರಂಗಿ ಕಿಟಕಿಯ ಪಕ್ಕ ಕೂತು ಹಾಡಿಕೊಳ್ಳುತ್ತಿದ್ದಳು. ಆ ಹಾಡು ನಿಂತರೆ ಸಾಕು, ಮೈಗೆ ಏನಾಯಿತೋ ಎಂದು ನಾನು ಅವಳ ಹಣೆ ಮುಟ್ಟುತ್ತಿದ್ದೆ.

ಮೇಡಂ ರಂಗಿಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು. "ನಿನ್ನೆ ಬೆಳಿಗ್ಗೆ ಏನು ತಿಂದಿ ಪುಟ್ಟಿ?"

"ಏನೂ ತಿನ್ಲಿಲ್ಲ."

"ಖರೇ?"

"ಸಾಮಿ ಮೇಲಾಣೆ."

ಹಾಗೆಂದವಳು ಅಜ್ಜಿಯ ಮುಖ ನೋಡಿದಳು. ಮೇಡಂ ಕೂಡ ನೋಡಿದರು.

"ನಾನು ಏನೂ ಕೊಡ್ಲಿಲ್ಲಪ್ಪ" ಎಂದರು ಅತ್ತೆ. "ಪಕ್ಕದ ಮನೆಯವರು ಪಳನಿಗೆ ನಡೆದು ಹೋಗಿ ಬಂದಿದ್ರು. ಪಂಚಾಮೃತ ತಂದಿದ್ರು. ಆಸ್ಪತ್ರಿಗೆ ಹೋಗೋ ಕೂಸು, ಸಾಮಿ ಕಾಪಾಡ್ಲಿ ಅಂತ ಅದು ಒಂದು ಕೊಟ್ಟೆ."

"ಎಷ್ಟು ಕೊಟ್ರಿ ಅಕ್ಕಾರ?"

ಅತ್ತೆ ಅಂಗೈಯನ್ನು ಬಟ್ಟಲಿನಂತೆ ಮಾಡಿ ತೋರಿಸಿದರು. ಬಾಳೆಹಣ್ಣು, ಬೆಲ್ಲ, ಜೇನು, ತುಪ್ಪ, ಅಂಗೈ ತುಂಬ.

"ಅಲ್ರೀ, ಏನೂ ತಿನಿಸಿಲ್ಲ ಅಂದ್ರಲ್ಲ?"

"ಪ್ರಸಾದ ತಿನ್ನೋದು ಅಂತಾರಾ? ಅದು ಊಟಾನಾ? ಸಾಮಿದು!" ಅತ್ತೆಗೆ ನಿಜಕ್ಕೂ ಅಚ್ಚರಿ. ಹೇಳಬೇಕೆಂದರೆ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಏಕಾದಶಿ ಉಪವಾಸವಿದ್ದವರೂ ಪ್ರಸಾದ ಬಂದರೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತೇವಲ್ಲ?

ಮೇಡಂ ಎರಡು ಕೈಯಿಂದ ತಲೆ ಹಿಡಿದುಕೊಂಡು ಕೂತರು. ಈಗ ಬೈಯುತ್ತಾರೆ ಎಂದುಕೊಂಡೆ. ತಲೆ ಎತ್ತಿ ಕೇಳಿದರು, "ಅಕ್ಕಾರ, ಗುಡಿಯಾಗ ಮೊದಲ ಅಭಿಷೇಕನೋ, ಮೊದಲ ಪ್ರಸಾದನೋ?"

"ಅಭಿಷೇಕ ಆಗದೆ ಪ್ರಸಾದ ಹೆಂಗೆ ಕೊಡ್ತಾರೆ?"

"ಇಲ್ಲೂ ಹಂಗ. ಮೊದಲ ರಕ್ತ, ಆಮ್ಯಾಲ ಪ್ರಸಾದ. ಮುಂದಿನ ಸರ್ತಿ ಡಬ್ಬಿ ನೀವೇ ತರ್ರಿ. ನಾ ಸೂಜಿ ತಗದಕೂಡಲೇ ನೀವೇ ನಿಮ್ಮ ಕೈಯಾರೆ ಇಕಿ ಬಾಯಾಗ ಇಡ್ರಿ. ನಡುವ ಯಾರೂ ಬರಂಗಿಲ್ಲ."

ಅಂದಿನ ರಕ್ತದಲ್ಲಿ ಸಕ್ಕರೆ ಸರಿಯಾಗಿತ್ತು. ಆ ಸುದ್ದಿ ಬಂದ ಸಂಜೆ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅತ್ತೆ ಮಾತ್ರ, "ನೋಡಿದ್ಯಾ, ಪಂಚಾಮೃತ ಕೆಲಸ ಮಾಡ್ತು" ಎಂದರು.

ಮುಂದಿನ ಸಲ ಹೋದಾಗ ಮೇಡಂ ಕೋಣೆಯ ಗೋಡೆಯಲ್ಲಿ ತಮಿಳು ಕ್ಯಾಲೆಂಡರು ನೇತಾಡುತ್ತಿತ್ತು. ಕೃತ್ತಿಕೆ, ಅಮಾವಾಸ್ಯೆ, ಪ್ರದೋಷಗಳಿಗೆಲ್ಲ ಕೆಂಪು ಗೆರೆ. ಆ ದಿನಗಳಲ್ಲಿ ಯಾವ ಮಗುವನ್ನೂ ಬರಿಹೊಟ್ಟೆಯ ಪರೀಕ್ಷೆಗೆ ಕರೆಯುವಂತಿಲ್ಲ. ಪೇರೂರಿನ ಗುಡಿಯಲ್ಲಿ ಯಾವಾಗ ಪೊಂಗಲ್ ಹಂಚುತ್ತಾರೆ, ಮರುದಮಲೆ ಬೆಟ್ಟದ ಗುಡಿಯಿಂದ ಇಳಿದವರ ಕೈಯಲ್ಲಿ ಏನಿರುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ನರ್ಸುಗಳು ಶುಭಮುಹೂರ್ತ ಕೇಳಲು ಅವರ ಬಳಿ ಬರುತ್ತಿದ್ದರು.

ಇಷ್ಟು ನಗು ನಮಗೆ ದಕ್ಕಿದ್ದು ದೊಡ್ಡದು. ಮುಂದೆ ನಗುವ ಹಾಗಿರಲಿಲ್ಲ.

ರಂಗಿಗೆ ಏಳು ತುಂಬಿದ ವರ್ಷ, ಒಂದು ಭಾನುವಾರ, ಮೇಡಂ ನಮ್ಮ ಮನೆಗೇ ಬಂದರು. ಫೋನಿಲ್ಲ, ಏನಿಲ್ಲ. ಗೇಟಿನಲ್ಲಿ ಅವರನ್ನು ಕಂಡಾಗಲೇ ನನಗೆ ತಿಳಿಯಿತು. ಅತ್ತೆ ಕಾಫಿ ತಂದರು. "ಕಾಫಿ ಆಮ್ಯಾಲ ಕುಡೀತೀನಿ ಅಕ್ಕಾರ. ಮೊದಲ ಮಾತು." ಅಷ್ಟರಲ್ಲಿ ವಾಯುಪಡೆಯ ವಿಮಾನವೊಂದು ಮನೆಯ ಮೇಲೆ ಹಾದುಹೋಯಿತು. ನಮ್ಮ ಕಡೆ ಅದು ದಿನನಿತ್ಯದ ಸದ್ದು. ಕಪಾಟಿನ ಪಾತ್ರೆಗಳು ಅದುರುತ್ತವೆ, ಮಾತು ನಿಲ್ಲಿಸಿ ಕಾಯುತ್ತೇವೆ. ಅಂದು ಮೇಡಂ ಬಾಯಿ ತೆರೆದು, ಮುಚ್ಚಿ, ಸದ್ದು ಹೋಗುವವರೆಗೂ ನನ್ನ ಮುಖವನ್ನೇ ನೋಡುತ್ತಾ ಕೂತರು. ಆ ವಿಮಾನ ಹೋಗದೇ ಇರಲಿ ಎಂದು ನಾನು ಬೇಡಿಕೊಂಡೆ.

"ಹೆಜ್ಜಿ ಗುರುತು ಬಂದಾವ. ಒಂದಲ್ಲ, ಎರಡು" ಎಂದರು. "ಇವತ್ತು ಇಕಿಗೆ ಜಡ್ಡಿಲ್ಲ. ಸಕ್ಕರಿ ಸರಿ ಐತಿ. ಆದ್ರ ಮುಂದ ಬರೋ ಸಂಭವ ಭಾಳ. ಯಾವಾಗ ಅಂತ ಹೇಳಲಾರೆ."

ನಮ್ಮ ಮನೆಯವರು ಎದ್ದು ಹೊರಗೆ ಹೋಗಿ ಬೈಕಿನ ಪಕ್ಕ ನಿಂತರು. ನಾನು ಕೇಳಿದೆ, "ಆ ಕೊಬ್ಬು ಏನು ಹೇಳುತ್ತೆ ಮೇಡಂ?"

"ಅದನ್ನ ಕೇಳಬ್ಯಾಡ ಅಂದಿದ್ನಿ."

"ನಿಮಗೆ ಗೊತ್ತಿದೆ. ನಿಮ್ಮ ಹತ್ತಿರ ಇದೆ. ಈ ವರ್ಷವೋ, ಇನ್ನೈದು ವರ್ಷಕ್ಕೋ, ಅಷ್ಟಾದರೂ ಹೇಳಿ. ನನ್ನ ಮಗಳ ರಕ್ತ ಅದು!"

ನಾನು ಅಷ್ಟು ಗಟ್ಟಿಯಾಗಿ ಯಾರ ಮೇಲೂ ಕೂಗಿದವಳಲ್ಲ. ಮೇಡಂ ಸಿಟ್ಟಾಗಲಿಲ್ಲ. "ಆ ಕೊಬ್ಬು ಇನ್ನೂ ಮಾತು ಕಲಿಯೋ ಕೂಸು ಇದ್ದಂಗ ಐತವ್ವಾ. ಏನೋ ಅಂತದ. ನಮಗ ಒಮ್ಮೆ ಒಂದು ಕೇಳಸ್ತದ, ಇನ್ನೊಮ್ಮೆ ಇನ್ನೊಂದು. ಆ ತೊದಲು ಕೇಳಿ ನಾ ನಿನಗೊಂದು ವರ್ಷ ಹೇಳಿಬಿಟ್ರ, ನೀ ಅಲ್ಲೀತನಕ ಅದನ್ನ ಎಣಿಸ್ಕೋತ ಕೂಡ್ತಿ. ಸುಳ್ಳಾದ್ರ ಆ ವರ್ಷಗಳನ್ನ ನಿನಗ ಯಾರು ತಿರುಗಿ ಕೊಡ್ತಾರ?" ಆಮೇಲೆ ಆರಿದ ಕಾಫಿ ಕುಡಿದರು. ಬೇರೆ ಮಾಡಿಕೊಡುತ್ತೇನೆಂದರೂ ಕೇಳದೆ ಅದನ್ನೇ ಕುಡಿದು ಹೋದರು.

ಕಾವಲು ಶುರುವಾಯಿತು. ನೀರು ಹೆಚ್ಚು ಕುಡಿಯುತ್ತಾಳೆಯೇ, ಬಚ್ಚಲಿಗೆ ಹೆಚ್ಚು ಹೋಗುತ್ತಾಳೆಯೇ, ಮೈ ಇಳಿಯುತ್ತಿದೆಯೇ, ಇಷ್ಟು ನೋಡಿಕೊಳ್ಳಿ ಎಂದಿದ್ದರು ಮೇಡಂ. ಮನೆಮಂದಿಗೆಲ್ಲ ಅದೇ ಕೆಲಸವಾಯಿತು. ರಂಗಿ ಲೋಟ ಎತ್ತಿದರೆ ಮಾತು ನಿಲ್ಲುತ್ತಿತ್ತು. ಅಪ್ಪ, ಅಜ್ಜಿ, ನಾನು, ಕಾರ್ತಿಕ ಎಲ್ಲರ ಕಣ್ಣೂ ಅವಳ ಗಂಟಲಿನ ಮೇಲೆ. ಕೆಲವು ತಿಂಗಳಿಗೆ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ತುಟಿ ಒಡೆದಿತ್ತು. ರಕ್ತ ತೆಗೆಯುವಾಗ ನರ ಸಿಗದೆ ಮೇಡಂ ಎರಡು ಸಲ ಚುಚ್ಚಬೇಕಾಯಿತು.

"ಯಾಕ ಪುಟ್ಟಿ, ನೀರು ಕುಡಿಯಂಗಿಲ್ಲೇನು?"

ಗಡಿಯಾರದ ಮುಳ್ಳನ್ನೇ ನೋಡುತ್ತಾ ರಂಗಿ ಹೇಳಿದಳು, "ಕುಡಿದ್ರೆ ಅಮ್ಮ ಅಳ್ತಾರೆ. ಸ್ಕೂಲಲ್ಲಿ ಕುಡೀತೀನಿ, ನಲ್ಲಿಲಿ."

ಮೇಡಂ ಅವಳನ್ನು ಹೊರಗೆ ಕಳಿಸಿ ನಮ್ಮ ಕಡೆ ತಿರುಗಿದರು. "ನಾ ಕಾವಲು ಕಾಯ್ರಿ ಅಂದ್ರ ನೀವು ಪೊಲೀಸರಾಗೀರಿ. ಮನಿಯಾಗ ಬಾಯಾರಿಕಿ ಮುಚ್ಚಿಡೋ ಹುಡುಗಿ ನಾಳೆ ಜಡ್ಡು ಬಂದ್ರ ಹೇಳ್ತಾಳೇನು?" ಆಮೇಲೆ ಹೇಳಿದರು, "ಇವತ್ತಿಂದ ಒಂದು ಕೆಲಸ ಮಾಡ್ರಿ. ಅಕಿ ಲೋಟ ಎತ್ತಿದ್ರ ಮನ್ಯಾಗಿದ್ದವರೆಲ್ಲಾ ಲೋಟ ಎತ್ರಿ. ಅಕಿ ಕುಡಿದಷ್ಟು ಕುಡೀರಿ. ನೋಡೋದು ಬ್ಯಾಡ, ಬರೇ ಕುಡೀರಿ."

"ಸರಿಂಗ ಮೇಡಂ" ಎಂದರು ನಮ್ಮ ಮನೆಯವರು, ತಮಿಳಿನಲ್ಲೇ.

ಮೊದಲು ನಾಚಿಕೆಯಾಯಿತು. ಆಮೇಲೆ ಅದೊಂದು ಆಟವಾಯಿತು. ರಂಗಿ ಲೋಟ ಎತ್ತಿ "ಚಿಯರ್ಸ್!" ಎಂದರೆ ಅತ್ತೆ ಪೂಜೆ ಮಾಡುತ್ತಿದ್ದರೂ ಪಂಚಪಾತ್ರೆ ಎತ್ತುತ್ತಿದ್ದರು. ಹೀಗೆ ಎರಡು ವರ್ಷಕ್ಕೂ ಮಿಕ್ಕಿ ದೇವರು ನಡೆಸಿದ.

ಹೋದ ವರ್ಷ ಮಡತ್ತುಕುಳಂನಲ್ಲಿ ನನ್ನ ನಾದಿನಿಯ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಹಿಂದಿನ ದಿನವೇ ಹೋದೆವು. ಸಂಜೆ ಅತ್ತೆ, ರಂಗಿ ಊರಿನ ಮುರುಗನ ಗುಡಿಗೆ ಹೋಗಿ ಬಂದರು. ಬೆಳಿಗ್ಗೆ ನೆಂಟರ ಗದ್ದಲ, ನಾನು ತರಕಾರಿ ಹೆಚ್ಚುತ್ತಿದ್ದೆ. ಅತ್ತೆ ಬಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತರು. ಮುಖ ಬೂದಿಯಾಗಿತ್ತು.

"ನನ್ನ ಹೊಟ್ಟೆ ತುಂಬಿಹೋಯ್ತು ಕಣೆ" ಎಂದರು. "ನಿನ್ನೆ ಸಂಜೆಯಿಂದ ಕುಡೀತಾ ಇದ್ದೀನಿ. ನನ್ನ ಕೈಲಾಗಲ್ಲ. ಅವಳು ಇನ್ನೂ ಲೋಟ ಎತ್ತುತಾ ಅವಳೆ." ಆಮೇಲೆ ಪಿಸುಮಾತಿನಲ್ಲಿ, "ರಕ್ತದಮ್ಮನಿಗೆ ಫೋನ್ ಹಾಕು."

ಕಾರ್ತಿಕನ ಬಳಿ ಅವನ ಸಕ್ಕರೆ ನೋಡುವ ಮೀಟರು ಸದಾ ಇರುತ್ತದೆ. ತಂಗಿಯ ಬೆರಳು ಅವನೇ ಚುಚ್ಚಿದ. ಅಂಕೆ ಬಂತು. ಅವನು ಮೀಟರನ್ನು ನನಗೆ ಕೊಡದೆ ಅಪ್ಪನ ಕೈಗೆ ಕೊಟ್ಟ.

ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಮೇಡಂ ಅಂಕೆ ಕೇಳಿಕೊಂಡರು. ಉಸಿರು ಎಳೆದುಕೊಂಡದ್ದು ಕೇಳಿಸಿತು. "ಯಾವ ಗುಡಿಗೆ ಹೋಗಿದ್ರಿ?" ಎಂದರು.

ಆ ಪ್ರಶ್ನೆಯಲ್ಲಿ ಆಸೆ ಇತ್ತು. ನನಗೂ ಇತ್ತು. ಗುಡಿಗೆ ಹೋಗಿದ್ದು ನಿಜವಲ್ಲವೇ? ಅಂಗೈ ತುಂಬ ಏನೋ ಕೊಟ್ಟಿರಲಿ, ಕೊಟ್ಟೆ ಎಂದು ಹೇಳಲಿ ಎಂದು ನಾನು ಅತ್ತೆಯ ಮುಖವನ್ನೇ ನೋಡಿದೆ. ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಅಮ್ಮಾ, ನಾನು ಏನೂ ಕೊಡ್ಲಿಲ್ಲ. ಪಾಯಸ ಇನ್ನೂ ಒಲೆ ಮೇಲೈತೆ. ಸಾಮಿ ಗುಡೀಲಿ ವಿಭೂತಿ ಕೊಟ್ರು. ಅದನ್ನೂ ಹಣೆಗಿಟ್ಟೆ, ಬಾಯಿಗೆ ಹಾಕಲಿಲ್ಲ."

ಮೇಡಂ ಆ ಅಂಕೆಯನ್ನು ಇನ್ನೊಮ್ಮೆ ಕೇಳಿದರು. ಆಮೇಲೆ, "ಹಂಗಾದ್ರ ಹೊರಡ್ರಿ ಅಕ್ಕಾರ. ಅಂಜಬ್ಯಾಡ್ರಿ. ಛಲೋ ಟೈಮಿಗೆ ನೋಡೀರಿ."

ಕಾರಿನಲ್ಲಿ ದಾರಿಯುದ್ದಕ್ಕೂ ನಾನು ಅವಳ ಉಸಿರನ್ನೇ ಕೇಳುತ್ತಿದ್ದೆ. ಅಣ್ಣನ ಆ ದೊಡ್ಡ ಉಸಿರು ಬರುತ್ತದೇನೋ ಎಂದು. ಬರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಮೇಡಂ ನಿಂತಿದ್ದರು, ಆಗಲೇ ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. ಗಾಲಿಕುರ್ಚಿ ತಂದವನನ್ನು ನೋಡಿ ರಂಗಿ, "ನನಗ್ಯಾಕೆ? ಅಜ್ಜಿಗೆ ಕೊಡಿ" ಎಂದು ತಾನೇ ಇಳಿದು ನಡೆದಳು. ರೇಷ್ಮೆ ಲಂಗ ಎತ್ತಿ ಹಿಡಿದುಕೊಂಡು, ಮೇಡಂ ಕೈ ಹಿಡಿದು.

ನನ್ನ ಮಗಳಿಗೆ ಕಾಯಿಲೆ ಬಂತು. ಅದನ್ನು ನಾನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ಆದರೆ ಅವಳು ನಡೆದು ಒಳಗೆ ಹೋದಳು. ತುರ್ತು ಘಟಕ ನೋಡಲಿಲ್ಲ, ಪ್ರಜ್ಞೆ ತಪ್ಪಲಿಲ್ಲ. ಮೊದಲ ಇನ್ಸುಲಿನ್ ಹೇಗೆ ಹಾಕಿಕೊಳ್ಳಬೇಕೆಂದು ಅಣ್ಣನೇ ತನ್ನ ಹೊಟ್ಟೆ ತೋರಿಸಿ ಕಲಿಸಿದ. ನಾನು ಆಂಬುಲೆನ್ಸಿನಲ್ಲಿ ಹೇಳಿಕೊಂಡ ಹೆಸರುಗಳಿಗೆಲ್ಲ ರಂಗನಾಥ ಬಡ್ಡಿ ಸೇರಿಸಿ ಕೊಟ್ಟನೆಂದೇ ನಂಬಿದ್ದೇನೆ.

ಬೀಳ್ಕೊಡುಗೆಯ ದಿನ, ಸಭೆಗೆ ಮೊದಲು, ಮೇಡಂ ಒಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. "ಈಗಲಾದರೂ ಹೇಳಿ. ಆ ಕೊಬ್ಬು ಮೊದಲೇ ಹೇಳಿತ್ತಾ?"

ಅವರು ಗೋಡೆಯಿಂದ ಕ್ಯಾಲೆಂಡರು ಬಿಚ್ಚುತ್ತಿದ್ದರು. "ನಿನ್ನ ಮಗಳೊಬ್ಬಳ ರಕ್ತದಿಂದ ಹಂಗ ಹೇಳಾಕ ಬರಂಗಿಲ್ಲವ್ವಾ. ಎಲ್ಲಾ ಮಕ್ಕಳದ್ದೂ ಸೇರಿಸಿ ನೋಡಬೇಕು. ನಾ ಹೋದ ಮ್ಯಾಲ ಇಲ್ಲಿಯವರು ನೋಡ್ತಾರ." ಸುರುಳಿ ಸುತ್ತಿದ ಕ್ಯಾಲೆಂಡರನ್ನು ಕಂಕುಳಲ್ಲಿಟ್ಟುಕೊಂಡು, "ನಿಮ್ಮ ಮನಿಯಾಗ ಮೊದಲ ಹೇಳಿದ್ದು ನಿಮ್ಮ ಅತ್ತಿ ಹೊಟ್ಟಿ" ಎಂದರು.

ಸಭೆಯಲ್ಲಿ ಯಾರ್‍ಯಾರೋ ಮಾತಾಡಿದರು. ಹೊಗಳಿಕೆ ಹೆಚ್ಚಾದ ಹಾಗೆ ಮೇಡಂ ಕುರ್ಚಿಯಲ್ಲಿ ಮಿಸುಕಾಡಿದರು. ಕೊನೆಗೆ ತಡೆಯಲಾರದೆ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿದರು. ನಮ್ಮ ಸಾಲಿನಲ್ಲಿ ರಂಗಿ ತನ್ನ ಬಾಟಲಿ ಎತ್ತಿದಳು. ಕಾರ್ತಿಕ ಎತ್ತಿದ. ನಮ್ಮ ಮನೆಯವರು, ನಾನು. ಅತ್ತೆ ತಮ್ಮ ಚೀಲದಿಂದ ಸಣ್ಣ ಚೊಂಬು ತೆಗೆದು, ಮುಚ್ಚಳ ಬಿಚ್ಚಿ, ಎಲ್ಲರಿಗಿಂತ ಎತ್ತರಕ್ಕೆ ಎತ್ತಿದರು. ಮೇಡಂ ಕನ್ನಡಕದ ಮೇಲಿನಿಂದ ನಮ್ಮ ಸಾಲನ್ನು ನೋಡಿದರು, ಲೋಟವನ್ನು ತುಟಿಯ ಬಳಿಯೇ ಹಿಡಿದುಕೊಂಡು ನಾವೆಲ್ಲ ಎತ್ತುವವರೆಗೂ ಕಾದಿದ್ದರು. ಆಮೇಲೆ ಕುಡಿದರು. ನಾವೂ ಕುಡಿದೆವು.